ಕಾಲು ಚಾಚುವಷ್ಟು ಕಾಡು

ಚೆನ್ನೈಯಲ್ಲಿ ಕಾರು ನಿಲ್ಲಿಸುವುದಕ್ಕೆ ಎರಡು ವಿದ್ಯೆಗಳಿವೆ. ಒಂದು ಡ್ರೈವಿಂಗ್ ಸ್ಕೂಲಿನವರು ಹೇಳಿಕೊಡುವುದು: ಗೇರಿಗೆ ಹಾಕು, ಹ್ಯಾಂಡ್ ಬ್ರೇಕ್ ಎಳೆ, ಬೀಗ ಹಾಕಿ ಹೋಗು. ಇನ್ನೊಂದನ್ನು ಯಾರೂ ಹೇಳಿಕೊಡುವುದಿಲ್ಲ. ಕಲ್ಯಾಣ ಮಂಟಪಗಳ ಮುಂದೆ, ದೇವಸ್ಥಾನದ ಬೀದಿಗಳಲ್ಲಿ ನೋಡಿ ಕಲಿಯಬೇಕು. ಜಾಗ ಸಾಲದ ಕಡೆ ಒಂದು ಕಾರಿನ ಬೆನ್ನಿಗೆ ಇನ್ನೊಂದನ್ನು ಅಂಟಿಸಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕ್ ಇಳಿಸಿ ಹೋಗುವುದು. ಒಳಗೆ ಸಿಕ್ಕಿಕೊಂಡವನು ಹೊರಡಬೇಕಾದಾಗ ಯಾರದೋ ಕಾರಿಗೆ ಹೆಗಲು ಕೊಟ್ಟು ತಳ್ಳಿ ತನ್ನ ದಾರಿ ಮಾಡಿಕೊಳ್ಳುತ್ತಾನೆ. ಆ ಕಾರಿನ ಒಡೆಯ ಬಂದಾಗ ಅದು ಬೇರೆಲ್ಲೋ ನಿಂತಿರುತ್ತದೆ. ಅವನೂ ಬೇಸರಿಸದೆ ಇನ್ನಾರದೋ ಕಾರನ್ನು ತಳ್ಳುತ್ತಾನೆ.

ಈ ಎರಡನೆಯ ವಿದ್ಯೆಯ ಮೇಲೆ ನನಗೆ ಯಾವತ್ತೂ ಗೌರವ ಮೂಡಲಿಲ್ಲ. ವ್ಯವಸ್ಥೆ ಸೋತ ಕಡೆ ಜನ ಕಂಡುಕೊಂಡ ಉಪಾಯವನ್ನು ನಾವು ಜಾಣತನವೆಂದು ಹೊಗಳುತ್ತೇವೆ. ಹೊಗಳುವ ಸಡಗರದಲ್ಲಿ ಸೋತವರು ಯಾರು ಎಂದು ಕೇಳುವುದನ್ನು ಮರೆಯುತ್ತೇವೆ. ಆ ಮರೆವೂ ಒಂದು ತಪ್ಪೇ ಎಂದು ನಾನು ನಂಬಿದ್ದೇನೆ.

ಹೀಗೆ ತಪ್ಪುಗಳನ್ನು ಎತ್ತಿ ಹೇಳುವ ಅಭ್ಯಾಸ ನನಗೆ ಬಂದದ್ದು ಶಾಲೆಯಿಂದ. ಮೈಸೂರಿನ ಹೊರವಲಯದ ಆ ಪುಟ್ಟ ಶಾಲೆಯಲ್ಲಿ ಗಂಟೆ ಬಾರಿಸುತ್ತಿರಲಿಲ್ಲ, ರ‍್ಯಾಂಕು ಕೊಡುತ್ತಿರಲಿಲ್ಲ. ಬೇವಿನ ಮರದ ಕೆಳಗೆ ದುಂಡಗೆ ಕೂತು, ಕಣ್ಣಿಗೆ ಬಿದ್ದ ಯಾವುದೇ ಸಂಗತಿಯ ಬಗ್ಗೆ ಎರಡು ಪ್ರಶ್ನೆ ಕೇಳಬೇಕಿತ್ತು: ಇದರಿಂದ ಯಾರಿಗೆ ಅನುಕೂಲ? ಇದರ ಭಾರ ಹೊರುವವರು ಯಾರು? ಉತ್ತರ ಸಿಕ್ಕ ಮೇಲೆ ಸುಮ್ಮನಿರುವುದು ಅಲ್ಲಿ ಅತಿ ದೊಡ್ಡ ಅಪರಾಧವಾಗಿತ್ತು. ಮದುವೆಯಾಗಿ ವೆಸ್ಟ್ ಮಾಂಬಲಂನ ಇಕ್ಕಟ್ಟಾದ ಓಣಿಯ ಫ್ಲ್ಯಾಟಿಗೆ ಬಂದಮೇಲೆ ಆ ಎರಡು ಪ್ರಶ್ನೆಗಳಿಗೆ ಬಿಡುವೇ ಇಲ್ಲದಾಯಿತು. ನಮ್ಮ ನಗರದ ನಡುವೆಯೇ ಒಂದು ರಾಷ್ಟ್ರೀಯ ಉದ್ಯಾನವಿದೆ. ಸುತ್ತ ಸಿಮೆಂಟು ಬೆಳೆಯುತ್ತ ಹೋದರೂ ಒಳಗೆ ಕೃಷ್ಣಮೃಗಗಳೂ ಚುಕ್ಕೆ ಜಿಂಕೆಗಳೂ ಉಳಿದುಕೊಂಡಿವೆ. ಅದರ ಅಂಚಿನ ಒಂದು ಭಾಗವನ್ನು ಜನರಿಗಾಗಿ ತೆರೆದಿದ್ದಾರೆ. ಅಲ್ಲಿಗೆ ರಜಾದಿನಗಳಲ್ಲಿ ಬಂದು ಸೇರುವ ವಾಹನಗಳ ಹೊಗೆ, ಬೇಲಿಯ ಪಕ್ಕದಲ್ಲೇ ಒತ್ತುವ ಹಾರನ್ನು, ಮರದ ಬುಡದಲ್ಲಿ ಉಳಿಯುವ ಪ್ಲಾಸ್ಟಿಕ್ಕು, ಬಸ್ಸಿಳಿದು ನಡೆದು ಬರುವವರ ಪಾದಚಾರಿ ಮಾರ್ಗವನ್ನು ನುಂಗಿ ನಿಂತ ಕಾರುಗಳು, ಇವೆಲ್ಲದರ ವಿರುದ್ಧ ಮಾತಾಡುವ ಒಂದು ಸಣ್ಣ ಗುಂಪಿಗೆ ನಾನು ಸೇರಿದೆ. ರಜೆ ಬಂತೆಂದರೆ ಫಲಕ ಹಿಡಿದು ಗೇಟಿನ ಬಳಿ ನಿಲ್ಲುತ್ತಿದ್ದೆವು. ಒಳಗೆ ಜನ ತುಂಬಿದ ಮೇಲೆ ಪ್ರವೇಶ ನಿಲ್ಲಿಸಿ ಎಂಬುದು ನಮ್ಮ ಮುಖ್ಯ ಬೇಡಿಕೆ. ಕೇಳಿ ಕೇಳಿ ವರ್ಷಗಳಾಗಿದ್ದವು.

ಇಂಥ ಮನೆಯಲ್ಲಿ, ಸಂಕ್ರಾಂತಿ ಕಳೆದು ಎರಡನೆಯ ದಿನ ಬರುವ ಕಾಣುಂ ಪೊಂಗಲ್ಲಿನಂದೇ ತಮ್ಮನ್ನು ಆ ಉದ್ಯಾನಕ್ಕೆ ಕರೆದುಕೊಂಡು ಹೋಗಬೇಕೆಂದು ಮಾವ ಹಟ ಹಿಡಿದರು.

ಕಾಣುಂ ಪೊಂಗಲ್ಲಿನ ದಿನ ಚೆನ್ನೈಯ ಮನೆಗಳಲ್ಲಿ ಒಲೆ ಬೇಗ ಆರುತ್ತದೆ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಇಡೀ ಊರು ಬೀದಿಗಿಳಿಯುತ್ತದೆ. ಕಡಲ ತೀರದಲ್ಲಿ ಮರಳು ಕಾಣುವುದಿಲ್ಲ. ಉದ್ಯಾನದ ಗೇಟಿನ ಮುಂದೆ ರಸ್ತೆ ಕಾಣುವುದಿಲ್ಲ. ವರ್ಷದ ಎಲ್ಲ ದಿನಗಳಲ್ಲಿ ನಾನು ಅತ್ಯಂತ ಅಂಜುತ್ತಿದ್ದ ದಿನವದು.

"ಬೇರೆ ದಿನ ಹೋಗೋಣ ಮಾವ. ಅವತ್ತು ಕಾಲಿಡೋಕೂ ಜಾಗ ಇರಲ್ಲ," ಎಂದೆ.

"ಕಾಲಿಡುಕೆ ಯಾರಿಗ್ ಬೇಕ್ ಮಾರಾಯ್ತಿ? ಕಾಲ್ ನೀಡುಕೆ ಸಿಕ್ಕಿರೆ ಸಾಕ್," ಎಂದರು ಮಾವ. "ಬೇರೆ ದಿನ ಹ್ವಾರೆ ಅದ್ ಬರೀ ಕಾಡ್."

ಮಾವನದು ಕುಂದಾಪುರದ ಕಡೆಯ ಊರು. ಎಳೆಯ ವಯಸ್ಸಿಗೇ ವಡಪಳನಿಯ ಒಂದು ಸಸ್ಯಾಹಾರಿ ಹೋಟೆಲಿಗೆ ಬಂದು, ಟೇಬಲ್ ಒರೆಸುವುದರಿಂದ ಶುರುಮಾಡಿ, ದೋಸೆ ಕಲ್ಲಿನ ಮುಂದೆ ನಿಂತು, ಕೊನೆಗೆ ಗಲ್ಲಾದಲ್ಲಿ ಕೂತು ನಿವೃತ್ತರಾದವರು. ಆ ಹೋಟೆಲಿನ ಅಡುಗೆಮನೆಯ ಮೇಲೆ ಕೆಲಸಗಾರರಿಗೆಂದು ಒಂದು ಕೋಣೆ ಇತ್ತು. ಹೊಗೆಯೂ ಸೆಕೆಯೂ ಕೆಳಗಿನಿಂದ ಅಲ್ಲಿಗೇ ಏರುತ್ತಿದ್ದವು. ಚಾಪೆಗಳು ಕಡಿಮೆ, ಮೈಗಳು ಹೆಚ್ಚು. ಆದ್ದರಿಂದ ಪಾಳಿಯಲ್ಲಿ ಮಲಗುತ್ತಿದ್ದರು. ಒಬ್ಬನ ಕಾಲು ತಾಗುವಲ್ಲಿ ಇನ್ನೊಬ್ಬನ ತಲೆ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾದರೆ ಮಲಗಿದವರು ನಿದ್ದೆಗಣ್ಣಲ್ಲೇ ಮೊಣಕಾಲು ಮಡಚಿಕೊಳ್ಳಬೇಕು. ಮುಂದಿನ ಪಾಳಿಯವನು ಒಳಗೆ ಬರುತ್ತಿದ್ದಾನೆ ಎಂದು ಅದರ ಅರ್ಥ. ದೂರದೂರಿಂದ ತಂದ ಎಳೆಯರನ್ನು ಹಾಗೆ ಮಲಗಿಸಿ, ಊಟ-ವಸತಿ ಕೊಟ್ಟಿದ್ದೇವೆಂದು ಹೇಳಿಕೊಳ್ಳುತ್ತಿದ್ದ ಆ ಏರ್ಪಾಟನ್ನು ನಾನು ಶೋಷಣೆಯೆಂದೇ ಕರೆಯುತ್ತೇನೆ. ಮಾವ ಅದನ್ನು 'ಮೇಲಿನ ರೂಮು' ಎಂದು ಮಾತ್ರ ಕರೆಯುತ್ತಾರೆ.

ಜನರೆಲ್ಲ ಬುತ್ತಿ ಕಟ್ಟಿಕೊಂಡು ಹೊರಡುವುದರಿಂದ ಕಾಣುಂ ಪೊಂಗಲ್ಲಿನಂದು ಹೋಟೆಲಿಗೆ ಗಿರಾಕಿಗಳಿರುತ್ತಿರಲಿಲ್ಲ. ಹೋಟೆಲು ಬಾಗಿಲು ಹಾಕುತ್ತಿದ್ದ ಅಪರೂಪದ ದಿನ ಅದು. ಅಂದು ಆ ಹುಡುಗರೆಲ್ಲ ಸೇರಿ ಬಸ್ಸು ಹಿಡಿದು ಉದ್ಯಾನಕ್ಕೆ ಹೋಗುತ್ತಿದ್ದರು. ಬೇಲಿಯ ಹತ್ತಿರದ ಒಂದು ಆಲದ ಮರದ ಕೆಳಗೆ ಸಾಲಾಗಿ ಮಲಗಿ, ಕೈಕಾಲು ಬೇಕಾದಷ್ಟು ಅಗಲಿಸಿ, ಸಂಜೆಯವರೆಗೆ ನಿದ್ದೆ ಹೊಡೆದು ಬರುತ್ತಿದ್ದರು.

"ಜಿಂಕೆ ಬಂದ್ ಮೂಸಿರೂ ಎಚ್ಚರ ಆತಿರ್ಲಿಲ್ಲೆ," ಎನ್ನುತ್ತಿದ್ದರು ಮಾವ.

"ಕಾಡ್ ಕಾಂಬುಕೆ ಹ್ವಾದವ್ರ್ ಕಣ್ಣ್ ಮುಚ್ಕಂಡ್ ಬಿದ್ಕಂಡಿದ್ರ್," ಎಂದು ಅತ್ತೆ ನನ್ನ ಕಡೆ ತಿರುಗಿ ನಗುತ್ತಿದ್ದರು. "ಇವ್ರ್ ಇಷ್ಟ್ ವರ್ಷದಲ್ ಒಂದ್ ಜಿಂಕೆ ಕಂಡದ್ದಿಲ್ಲೆ ಹೆಣೆ, ಬೇಕಾರೆ ಕೇಣ್."

ಆ ಅಭ್ಯಾಸ ಮಾತ್ರ ಮಾವನನ್ನು ಬಿಟ್ಟಿರಲಿಲ್ಲ. ಈಗ ಅವರಿಗೆ ಅಗಲವಾದ ಮಂಚವಿದೆ, ಕೋಣೆಯಿದೆ. ಆದರೂ ನಾನು ನೀರಿನ ಲೋಟ ಇಡಲು ಬಾಗಿಲಲ್ಲಿ ಕಾಲಿಟ್ಟರೆ ಸಾಕು, ನಿದ್ದೆಯಲ್ಲೇ ಅವರ ಮೊಣಕಾಲು ಎದೆಯ ಕಡೆ ಸರಿಯುತ್ತಿತ್ತು. ಅದೇ ಮೊಣಕಾಲು ಈಗ ಸವೆದುಹೋಗಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಬೇಕು. "ಈ ವರ್ಷ ಕೋಲ್ ಹಿಡ್ಕಂಡಾರೂ ನಡಿತೆ. ಬಪ್ಪ ವರ್ಷದ್ ಯಾರಿಗ್ ಗೊತ್ತಿತ್ತ್? ಒಂದ್ ಸಲ ಆ ಮರದಡಿ ಮನಿಕಂಡ್ ಬತ್ತೆ," ಎಂದು ಅವರು ಹೇಳಿದಾಗ ನಾನು ಹೋಗುವ ದಾರಿ ಹುಡುಕತೊಡಗಿದೆ. ರೈಲಿನಲ್ಲಿ ಹೋಗೋಣವೆಂದರೆ ಮೇಲ್ಸೇತುವೆಯ ಮೆಟ್ಟಿಲು ಅವರಿಂದ ಆಗದು. ಆಟೋದವರು ಆ ದಿನ ಆ ಕಡೆ ಬರಲು ಒಪ್ಪುವುದಿಲ್ಲ. ಅವರ ಮಗ, ಎಂದರೆ ನನ್ನ ಗಂಡ, ಹಬ್ಬದ ದಿನವೂ ಆಸ್ಪತ್ರೆಯ ಪಾಳಿಯಲ್ಲಿದ್ದ. ಉಳಿದದ್ದು ಕಾರು, ಅದನ್ನು ಓಡಿಸುವ ನಾನು.

ಬೆಳಗ್ಗೆಯೇ ಹೊರಟೆವು. ಮಾವ ಮುಂದಿನ ಸೀಟಿನಲ್ಲಿ, ಅತ್ತೆ ಹಿಂದೆ ಪುಳಿಯೋಗರೆಯ ಡಬ್ಬಿಗಳ ಜೊತೆ. ಮಾಮೂಲು ದಿನ ಮಾತು ಮುಗಿಯುವುದರೊಳಗೆ ತಲುಪುವ ದಾರಿ ಅಂದು ಮಾತೆಲ್ಲ ಮುಗಿದ ಮೇಲೂ ಮುಗಿಯಲಿಲ್ಲ. ಗೇಟಿಗೆ ಇನ್ನೂ ಬಹಳ ದೂರವಿರುವಾಗಲೇ ವಾಹನಗಳು ನಿಂತುಬಿಟ್ಟಿದ್ದವು. ನಡೆಯುವವರು ನಮ್ಮನ್ನು ದಾಟಿ ಹೋಗುತ್ತಿದ್ದರು. ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡವರು, ಹೊಸ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದವರು. ಅವರಿಗೆಂದು ಮಾಡಿದ ಪಾದಚಾರಿ ಮಾರ್ಗದ ಮೇಲೆ ಸ್ಕೂಟರುಗಳು ನಿಂತಿದ್ದರಿಂದ ಅವರೆಲ್ಲ ರಸ್ತೆಗಿಳಿದು, ನಮ್ಮ ಬಂಪರಿಗೂ ಮುಂದಿನ ಬಂಪರಿಗೂ ನಡುವೆ ಮೈ ಹಿಂಡಿಕೊಂಡು ಸಾಗಬೇಕಾಗಿತ್ತು. ಹೊರಗೆ ನಿಂತು ನೋಡುತ್ತಿದ್ದ ಅನ್ಯಾಯವನ್ನು ಈಗ ಸ್ಟಿಯರಿಂಗ್ ಹಿಡಿದು ಒಳಗಿಂದ ನೋಡುತ್ತಿದ್ದೆ.

ನಮ್ಮ ಗುಂಪಿನ ಹಿರಿಯ ಗೆಳತಿ ರಸ್ತೆಯಂಚಿನಲ್ಲಿ ಫಲಕ ಹಿಡಿದು ನಿಂತಿದ್ದರು. ಶಾಲೆಯಲ್ಲಿ ತಮಿಳು ಕಲಿಸಿ ನಿವೃತ್ತರಾದವರು. ಉದ್ದನೆಯ ದಪ್ಪ ರಟ್ಟಿನ ಮೇಲೆ, ಇದು ಮೃಗಗಳ ಮನೆ, ವಾಹನ ತರಬೇಡಿ ಎಂದು ತಮಿಳಿನಲ್ಲಿ ಬರೆದಿತ್ತು. ಅಕ್ಷರ ನನ್ನದೇ. ಅವರು ಬಗ್ಗಿ ಕಿಟಕಿಯೊಳಗೆ ನೋಡಿದರು.

"ಎನ್ನಮ್ಮಾ! ನೀಯೇ ಕಾರ್‌ಲ ವಂದುಟ್ಟಿಯಾ?"

ನೀನೇ ಕಾರಿನಲ್ಲಿ ಬಂದುಬಿಟ್ಟೆಯಾ ಎಂಬ ಆ ಪ್ರಶ್ನೆಗೆ ನಾನು ಮಾವನ ಮೊಣಕಾಲು ತೋರಿಸಿದೆ. ಅವರು ಕೈಮುಗಿದು ನಕ್ಕು, ಕೂಡಲೇ ಹಿಂದಿನ ಕಾರಿನವನಿಗೆ ಬುದ್ಧಿ ಹೇಳಲು ಹೋದರು.

"ಇವ್ರೆಲ್ಲ ನಿನ್ನ್ ಪಾರ್ಟಿಯವ್ರಾ?" ಎಂದರು ಮಾವ.

"ಪಾರ್ಟಿ ಅಲ್ಲ ಮಾವ, ಒಂದು ಗುಂಪು. ಇಲ್ಲಿ ಗುಂಪು ಸೇರೋದನ್ನ ಕಮ್ಮಿ ಮಾಡಿ ಅಂತ ಕೇಳ್ತೀವಿ."

"ಗುಂಪ್ ಬ್ಯಾಡ ಅಂಬುಕೆ ಒಂದ್ ಗುಂಪ್ ಕಟ್ಕಂಡಿದ್ರಿ!" ಮಾವ ಹಿಂದಕ್ಕೆ ತಿರುಗಿ ಅತ್ತೆಗೆ ಹೇಳಿದರು. "ಕೇಂಡ್ಯಾ?"

"ಸುಮ್ನೆ ಕೂಕಣಿ ಕಾಂಬ. ಅದ್ ಬಿಡ್ತಾ ಇತ್ತಲೆ ಗಾಡಿ," ಎಂದು ಅತ್ತೆ ಗಾಡಿ ಓಡಿಸುತ್ತಿದ್ದ ನನ್ನ ಪರ ವಹಿಸಿದರು.

ರಸ್ತೆಯ ಪಕ್ಕ ನಿಲ್ಲಿಸಲು ಬಿಡುತ್ತಿರಲಿಲ್ಲ. ಉದ್ಯಾನದ ಎದುರು ಬದಿಗೆ ಯಾರದೋ ಖಾಲಿ ನಿವೇಶನವಿತ್ತು. ಹಬ್ಬದ ದಿನ ಅದೇ ಪಾರ್ಕಿಂಗ್. ಬಾಯಲ್ಲಿ ಸೀಟಿ ಕಚ್ಚಿಕೊಂಡ ಒಬ್ಬಾತ ಕಾರುಗಳನ್ನು ಒಂದರ ಹಿಂದೊಂದು ನುಗ್ಗಿಸಿ, ಬಾಳೆಗೊನೆಯ ಹಣ್ಣುಗಳಂತೆ ಒತ್ತೊತ್ತಾಗಿ ಜೋಡಿಸುತ್ತಿದ್ದ. ನಮ್ಮನ್ನು ಒಂದು ವ್ಯಾನಿನ ಹಿಂದಕ್ಕೆ ಕಳಿಸಿದ.

"ನ್ಯೂಟ್ರಲ್‌ಲ ವಿಡುಂಗ ಮೇಡಂ! ಹ್ಯಾಂಡ್ ಬ್ರೇಕ್ ಪೋಡಾದೀಂಗ!"

ಬ್ರೇಕ್ ಹಾಕಬೇಡಿ ಎಂದು ಅವನು ಕೂಗಿದರೂ ನಾನು ಗೇರಿಗೂ ಹಾಕಿದೆ, ಹ್ಯಾಂಡ್ ಬ್ರೇಕನ್ನೂ ಎಳೆದೆ. ನೆಲ ಸ್ವಲ್ಪ ಇಳಿಜಾರಾಗಿತ್ತು. ಒಳಗೆ ಇಬ್ಬರು ವೃದ್ಧರು ಕೂತಿದ್ದರು. ಅವರನ್ನು ಕೂರಿಸಿದ ಕಾರನ್ನು ಯಾರು ಬೇಕಾದರೂ ತಳ್ಳಬಹುದಾದ ಸ್ಥಿತಿಯಲ್ಲಿ ಬಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಇಂದಿಗೂ ಒಪ್ಪಿಗೆಯಿಲ್ಲ. ಗಾಳಿಗೆಂದು ಕಿಟಕಿಗಳನ್ನು ಅರ್ಧ ಇಳಿಸಿ, ಮಾವನ ಕೋಲು ತೆಗೆಯಲು ಹಿಂದಿನ ಡಿಕ್ಕಿಯ ಕಡೆ ಬಂದೆ. ಆಗ ಕಂಡದ್ದು ಮಧ್ಯದ ದಾರಿ. ಕಾರುಗಳು ಬಂದು ಹೋಗಲು ಉಳಿದಿದ್ದ ಒಂದೇ ಒಂದು ಓಣಿ ಅದು. ಸೀಟಿಯಾತ ಅದನ್ನೂ ತುಂಬಿಸಲು ಹೊರಟಿದ್ದ.

ನಾನು ಅಲ್ಲಿಗೆ ಹೋದೆ. ಯಾರಿಗಾದರೂ ಎದೆನೋವು ಬಂದರೆ ಆಂಬುಲೆನ್ಸ್ ಹೇಗೆ ಬರಬೇಕು ಎಂದು ಕೇಳಿದೆ. ಬೆಂಕಿ ಬಿದ್ದರೆ ಏನು ಗತಿ ಎಂದು ಕೇಳಿದೆ. ಎಷ್ಟು ಕಾರಿಗೆ ಜಾಗವಿದೆಯೆಂದು ಅಳೆದವರು ಯಾರು, ಅನುಮತಿ ಕೊಟ್ಟವರು ಯಾರು ಎಂದೂ ಕೇಳಿದೆ. ಅವನು ಸೀಟಿಯನ್ನು ಬಾಯಿಂದ ತೆಗೆದು ತಾಳ್ಮೆಯಿಂದಲೇ, "ಒರು ನಾಳ್ ದಾನೇ ಮೇಡಂ," ಎಂದ. ಒಂದೇ ದಿನ ಅಲ್ಲವೇ. ಎಲ್ಲ ಅನ್ಯಾಯಗಳೂ ಒಂದೇ ದಿನ ಅಲ್ಲವೇ ಎಂಬ ಮಾತಿನಿಂದಲೇ ಶುರುವಾಗುತ್ತವೆ ಎಂದು ನಾನು ಅವನಿಗೆ ವಿವರಿಸುತ್ತಿದ್ದಾಗ ನನ್ನ ಬೆನ್ನ ಹಿಂದೆ ಇಂಜಿನ್ನುಗಳು ಗುರುಗುಟ್ಟುತ್ತಿದ್ದವು.

ತಿರುಗಿ ನೋಡಿದರೆ ನಮ್ಮ ಕಾರಿನ ಎಡಕ್ಕೂ ಬಲಕ್ಕೂ ಒಂದೊಂದು ಕಾರು. ಮಡಚಿದ ಕನ್ನಡಿಗಳ ನಡುವೆ ಕೈ ಕೂಡ ತೂರುವಂತಿರಲಿಲ್ಲ. ಹಿಂದೆ ಎರಡು ಕಾರು, ಮುಂದೆ ಆ ವ್ಯಾನು. ನಾಲ್ಕು ಬಾಗಿಲಲ್ಲಿ ಒಂದೂ ತೆರೆಯುವಂತಿಲ್ಲ. ಅಕ್ಕಪಕ್ಕದವರು ತಮ್ಮ ಆಚೆ ಬದಿಯ ಬಾಗಿಲುಗಳಿಂದ ಇಳಿದು ಹೋಗಿಯಾಗಿತ್ತು. ಒಳಗೆ ಇಬ್ಬರಿದ್ದಾರೆಂದು ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಕೀಲಿ ನನ್ನ ಮುಷ್ಟಿಯಲ್ಲಿತ್ತು.

ಮಾವನ ಮುಖ ಅರ್ಧ ಇಳಿದ ಗಾಜಿನ ಮೇಲೆ ಚೌಕಟ್ಟಿನ ಫೋಟೋದಂತೆ ಕಾಣುತ್ತಿತ್ತು.

"ಹೆಣೆ! ಬಾಗ್ಲ್ ತೆಗಿತಿಲ್ಲೆ!"

"ಒಂದ್ನಿಮಿಷ ಮಾವ! ಬಂದೆ!"

ಎಲ್ಲಿಗೆ ಬರುವುದು? ನಮ್ಮ ನಡುವೆ ಒಂದು ಕಾರಿನ ಅಗಲವಿತ್ತು, ಅದರ ಬಾಗಿಲಿಗೆ ಬೀಗ. ಮಾತು ಹೋಗುತ್ತಿತ್ತು, ನಾನು ಹೋಗುವಂತಿರಲಿಲ್ಲ. ಬಿಸಿಲು ಬೆಳಗಿನ ತಂಪನ್ನು ಕಳಚಿಟ್ಟು ತಗಡಿನ ಮೇಲೆ ಕೂರುವ ಹೊತ್ತಾಗಿತ್ತು. ಮುಂದಿನ ವ್ಯಾನಿನ ಕುಟುಂಬ ಬೆಳಗ್ಗೆಯೇ ಬಂದು ನೋಡಿ ಮುಗಿಸಿ ವಾಪಸಾಯಿತು. ಅವರೂ ಹೊರಡಬೇಕು. ವ್ಯಾನಿನವನು ಎಲ್ಲರಿಗೂ ಗೊತ್ತಿದ್ದ ಕ್ರಮದಲ್ಲೇ ಕೆಲಸ ಶುರುಮಾಡಿದ. ನಾಲ್ಕು ಜನರನ್ನು ಕರೆದು ಕೊನೆಯ ಕಾರನ್ನು ತಳ್ಳಿಸಿದ, ಅದು ಸರಾಗವಾಗಿ ಹಿಂದೆ ಉರುಳಿತು. ಅದರ ಮುಂದಿನದೂ ಉರುಳಿತು. ಮೂರನೆಯದು ನಮ್ಮದು. ಬಾನೆಟ್ಟಿಗೆ ಕೈಕೊಟ್ಟು ತಳ್ಳಿದರು. ಕಾರು ತುಸು ಅಲುಗಿ ಅಲ್ಲೇ ನಿಂತಿತು. ಒಳಗಿದ್ದ ಡಬ್ಬಿಗಳು ಮಾತ್ರ ಸದ್ದು ಮಾಡಿದವು.

"ಯಾರು ವಂಡಿ ಇದು? ಹ್ಯಾಂಡ್ ಬ್ರೇಕ್ ಪೋಟ್ಟಿರುಕ್ಕಾಂಗ!"

"ಉಳ್ಳೆ ಪೆರಿಯವರ್ ಇರುಕ್ಕಾರ್ ಪಾ!"

ಯಾರ ಗಾಡಿ, ಬ್ರೇಕ್ ಹಾಕಿದ್ದಾರೆ, ಒಳಗೆ ಹಿರಿಯರಿದ್ದಾರೆ ಎಂಬ ಕೂಗು ಸಾಲಿನಿಂದ ಸಾಲಿಗೆ ಹರಡಿತು. ನನ್ನದು ಎಂದು ಕೈ ಎತ್ತಿದೆ. ಗುಂಪಿನಲ್ಲೊಬ್ಬ, "ಲೈಸೆನ್ಸ್ ಕುಡುತ್ತವನ್ ಯಾರು?" ಎಂದದ್ದಕ್ಕೆ ಎಲ್ಲರೂ ನಕ್ಕರು. ಲೈಸೆನ್ಸ್ ಕೊಟ್ಟವರು ಹೇಳಿಕೊಟ್ಟಿದ್ದನ್ನೇ ನಾನು ಮಾಡಿದ್ದೆ. ಆದರೆ ಅಲ್ಲಿ ಎಲ್ಲರೂ ಒಪ್ಪಿ ನಡೆಸುತ್ತಿದ್ದ ತಪ್ಪಿನ ನಡುವೆ ನನ್ನ ಸರಿಯೊಂದೇ ಬಿರಡೆಯಂತೆ ಸಿಕ್ಕಿಕೊಂಡಿತ್ತು. ಅದರ ಒಳಗೆ ಸಿಕ್ಕಿಕೊಂಡವರು ಮಾವ.

"ಮಾವ! ನಿಮ್ಮ ಬಲಗೈ ಹತ್ರ ಕಡ್ಡಿ ಇದೆಯಲ್ಲ, ಗುಂಡು ಇರೋದು, ಅದು ಗೇರು. ಅದನ್ನ ಮಧ್ಯಕ್ಕೆ ತನ್ನಿ!"

ಮಾವ ಕೈಯನ್ನು ಮಡಿಲಿಗೆ ಎಳೆದುಕೊಂಡರು. "ನಂಗ್ ಗೊತ್ತಾತಿಲ್ಲೆ ಮಾರಾಯ್ತಿ! ಮುಟ್ಟಿರೆ ಗಾಡಿ ಓಡಿ ಹೋರೆ?"

"ಎಲ್ಲಿಗ್ ಓಡತ್ತೆ ಮಾವ, ಜಾಗ ಎಲ್ಲಿದೆ? ಕೀಲಿ ನನ್ ಹತ್ರ ಇದೆ!"

"ಹಾಂಗಾರೆ ನೀನೇ ಬಾ!"

ಹಿಂದಿನ ಸೀಟಿನಿಂದ ಅತ್ತೆಯ ತಲೆ ಮುಂದೆ ಬಂತು. "ಹ್ವಾಯ್, ಬದಿಗ್ ಸರೀನಿ. ಮಗ ಇಳುಕಿಂತ ಮುಂಚೆ ದಿನಾ ಮಾಡುದನ್ನ ಕಂಡಿದೆ ನಾನ್." ಅವರು ಎರಡು ಸೀಟುಗಳ ನಡುವೆ ಅರ್ಧ ಮೈ ತೂರಿಸಿ ಗೇರನ್ನು ಹಿಡಿದು ಹಿಟ್ಟು ಕಲಸುವವರಂತೆ ಅತ್ತಿತ್ತ ಅಲ್ಲಾಡಿಸಿದರು. ಅದು ಸಡಿಲವಾಯಿತು. ಬಳಿಕ ಹ್ಯಾಂಡ್ ಬ್ರೇಕಿಗೆ ಎರಡೂ ಕೈ ಹಾಕಿದರು.

"ತುದೀಲಿ ಗುಂಡಿ ಇದೆ ಅತ್ತೆ! ಸ್ವಲ್ಪ ಮೇಲೆತ್ತಿ, ಗುಂಡಿ ಒತ್ತಿ, ಕೆಳಗೆ ಬಿಡಿ!"

"ಗುಂಡಿ ಕಲ್ಲಾಯಿತ್ ಇದ್! ಇವ್ರೇ, ನೀವ್ ಎತ್ತಿ, ನಾನ್ ಒತ್ತತೆ. ಎಂತ ಕಾಂತ್ರಿ? ಎತ್ತಿ!"

ಮಾವ ಕಣ್ಣು ಮುಚ್ಚಿಕೊಂಡು ಎತ್ತಿದರು. ಅತ್ತೆ ಒತ್ತಿದರು. ಕಡ್ಡಿ ಕೆಳಗಿಳಿದ ಕೂಡಲೇ ಹೊರಗಿದ್ದವರ ಕೈಯೊಳಗೆ ಕಾರು ಮೆತ್ತಗೆ ಹಿಂದೆ ಉರುಳತೊಡಗಿತು. ಯಾರೋ ಶಿಳ್ಳೆ ಹಾಕಿದರು. "ಪಾಟ್ಟಿ ಸೂಪರ್!" ಎಂದು ಕೂಗಿದರು. ಅಜ್ಜಿಗೆ ಸಿಕ್ಕ ಆ ಶಹಭಾಸ್‌ಗಿರಿಯಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡು ರಾಣಿಯಂತೆ ಕೂತಿದ್ದರೆ, ಮಾವ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ತೇಲಿ ಬಂದರು. ಬಯಲಿನ ಬಾಯಿಯ ಬಳಿ ಬಾಗಿಲು ತೆರೆಯಿತು. ಅವರ ಅಂಗಿ ಬೆನ್ನಿಗೆ ಅಂಟಿತ್ತು. ಕೋಲು ಕೊಟ್ಟೆ. ನೀರು ಕುಡಿದರು. "ನಡಿ, ಹೊತ್ತಾಯ್ತ್," ಎಂದರು.

ಸೀಟಿಯಾತ ಬಂದು, ಗಾಡಿ ನಾನು ನೋಡಿಕೊಳ್ಳುತ್ತೇನೆ ಎಂದು ಕಾರಿಗೆ ಕೈಹಚ್ಚಿದ. ಈ ಸಲ ನಾನು ಬೀಗ ಹಾಕಿದೆನೇ ಹೊರತು ಬ್ರೇಕ್ ಎಳೆಯಲಿಲ್ಲ.

ಗೇಟಿನವರೆಗಿನ ದಾರಿ ಉದ್ದವಲ್ಲ. ಮಾವನಿಗೆ ಅದು ಉದ್ದವಾಗಿತ್ತು. ನಡೆದು, ನಿಂತು, ಮತ್ತೆ ನಡೆದು ನಾವು ತಲುಪುವ ಹೊತ್ತಿಗೆ ಕಾವಲುಗಾರ ಗೇಟಿಗೆ ಸರಪಳಿ ಹಾಕುತ್ತಿದ್ದ. ಬದಿಯಲ್ಲಿ ಹೊಸ ಬೋರ್ಡು ತೂಗುತ್ತಿತ್ತು: ಇಂದಿನ ಪ್ರವೇಶ ಮುಗಿದಿದೆ. ಅದರ ಕೆಳಗೆ ನಮ್ಮ ಗೆಳತಿ ನಿಂತಿದ್ದರು. ನನ್ನನ್ನು ಕಂಡದ್ದೇ ಓಡಿ ಬಂದು ಎರಡೂ ಕೈ ಹಿಡಿದು ಕುಲುಕಿದರು. "ನಮ್ಮ ಬೇಡಿಕೆ ಒಪ್ಪಿಬಿಟ್ಟರು! ಮೊದಲನೇ ಸಲ! ಒಳಗೆ ತುಂಬಿತು, ಮುಚ್ಚಿದರು!" ಎಂದು ತಮಿಳಿನಲ್ಲಿ ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು.

ನಾನು ಸಂತೋಷಪಡಬೇಕಾಗಿತ್ತು. ಆ ಬೋರ್ಡಿನಲ್ಲಿದ್ದ ಮಾತು ನಮ್ಮ ಮನವಿಗಳಿಂದ ಬಂದದ್ದು, ನಾನೇ ಕೂತು ತಿದ್ದಿದ ವಾಕ್ಯ. ಅದರ ಕೆಳಗೆ ಮಾವ ಕೋಲಿನ ಮೇಲೆ ಭಾರ ಹಾಕಿ, ಸರಳುಗಳ ನಡುವಿನಿಂದ ಒಳಗೆ ಇಣುಕುತ್ತಿದ್ದರು. ಆಲದ ಮರ ಅಲ್ಲಿಂದ ಕಾಣುತ್ತಿರಲಿಲ್ಲ.

ಕಾವಲುಗಾರನಿಗೆ ನನ್ನ ಪರಿಚಯವಿತ್ತು. ಎಷ್ಟೋ ರಜೆಗಳಲ್ಲಿ ಬಿಸಿಲಲ್ಲಿ ನಿಂತ ನಮಗೆ ಅವನು ಕುಡಿಯಲು ನೀರು ಕೊಟ್ಟಿದ್ದಾನೆ. ಮಾವನ ಕೋಲನ್ನು ನೋಡಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ಅಯ್ಯಾವೈ ಮಟ್ಟುಂ ಕೂಟ್ಟಿಟ್ಟು ವಾಂಗ ಮೇಡಂ." ಅಯ್ಯನನ್ನು ಮಾತ್ರ ಕರೆದುಕೊಂಡು ಬನ್ನಿ. ಪಕ್ಕದ ಚಿಕ್ಕ ಬಾಗಿಲಿನ ಕಡೆ ಕಣ್ಣು ಮಾಡಿದ.

ನಮ್ಮ ಹಿಂದೆ ಒಬ್ಬ ಅಜ್ಜಿ ನಿಂತಿದ್ದರು. ಕೈಯಲ್ಲಿ ಬುತ್ತಿಯ ತೂಕುಪಾತ್ರೆ, ಸೆರಗು ಹಿಡಿದ ಮೊಮ್ಮಕ್ಕಳು. ಬಸ್ಸು ಬದಲಿಸಿ ಬಂದವರಂತೆ. ಕಾವಲುಗಾರ ಎಷ್ಟು ದನಿ ತಗ್ಗಿಸಿದರೂ ಅವರಿಗೆ ಕೇಳಿಸಿತ್ತು. "ಅವರುಕ್ಕು ಮಟ್ಟುಂ ಎಪ್ಪಡಿ ಪಾ?" ಎಂದು ಕೇಳಿದರು. ಅವರಿಗೆ ಮಾತ್ರ ಹೇಗೆ? ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತಿತ್ತು.

ಮಾವ ನನ್ನ ಕಡೆ ತಿರುಗಿದರು. "ಎಂತ ಮಾಡುದ್? ನೀನೇ ಹೇಳ್."

ಹೋಗಿ ಬನ್ನಿ ಎಂದರೆ, ಪರಿಚಯವಿದ್ದವರಿಗೆ ತೆರೆಯುವ ಚಿಕ್ಕ ಬಾಗಿಲುಗಳ ವಿರುದ್ಧ ಇಷ್ಟು ವರ್ಷ ನಾನು ಆಡಿದ ಮಾತೆಲ್ಲ ಆ ಅಜ್ಜಿಯ ಎದುರು ಸುಳ್ಳಾಗುತ್ತಿತ್ತು. ಬೇಡ ಎಂದರೆ, ಬೆಂಕಿಯ ಮುಂದೆ ನಿಂತು ನಿಂತು ಸವೆದ ಆ ಎರಡು ಮೊಣಕಾಲುಗಳಿಗೆ ಅನ್ಯಾಯವಾಗುತ್ತಿತ್ತು. ಇದರಿಂದ ಯಾರಿಗೆ ಅನುಕೂಲ, ಇದರ ಭಾರ ಯಾರಿಗೆ ಎಂದು ಕೇಳಿಕೊಂಡೆ. ಎರಡೂ ಕಡೆ ಉತ್ತರ ಸ್ಪಷ್ಟವಾಗಿಯೇ ಬಂತು. ಅಷ್ಟು ಹೊತ್ತು ಕಾರಿನೊಳಗೆ ಅವರು ಕೂತಿದ್ದ ಹಾಗೆ ನಾನು ಆ ಗೇಟಿನ ಮುಂದೆ ನಿಂತಿದ್ದೆ, ಎಡಕ್ಕೂ ಬಲಕ್ಕೂ ಬಾಗಿಲು ತೆರೆಯದ ಹಾಗೆ.

ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. ಗಲ್ಲಾದಲ್ಲಿ ಕೂತು ಜನರ ಮುಖ ನೋಡಿ ಅಭ್ಯಾಸವಿದ್ದ ಕಣ್ಣು.

"ಬ್ಯಾಡ ಬಿಡ್," ಎಂದರು ಕೊನೆಗೆ. "ಅನ್ನ ಮುಗ್ದ ಮೇಲೆ ನಾನೂ ಶಟರ್ ಎಳ್ದವನೇ. ಹೊರಗ್ ನಿಂತವ್ರ್ ಆಮೇಲೆ ಎಂತ ಮಾಡ್ತ್ರ್ ಅಂದೇಳಿ ಕಂಡಿರ್ಲಿಲ್ಲೆ. ಈಗ ಗೊತ್ತಾಯ್ತ್."

ಅವರು ಮುನಿಸಿಕೊಂಡಿದ್ದರೋ, ನನ್ನನ್ನು ಆ ಇಕ್ಕಟ್ಟಿನಿಂದ ಬಿಡಿಸಿದ್ದರೋ, ನನಗೆ ತಿಳಿಯಲಿಲ್ಲ.

ಮನೆಗೆ ಹೋಗುವಂತೆಯೂ ಇರಲಿಲ್ಲ. ನಮ್ಮ ಕಾರನ್ನು ಯಾರು ಯಾರೋ ತಳ್ಳಿ ಬಯಲಿನ ನಡುವಿಗೆ ಸೇರಿಸಿದ್ದರು. ದೂರದಿಂದ ಅದರ ಛಾವಣಿ ಮಾತ್ರ ಕಾಣುತ್ತಿತ್ತು. ಸಂಜೆ ಸಾಲುಗಳು ಕರಗುವವರೆಗೆ ಕಾಯಬೇಕು. ಎಲ್ಲಿ ಕೂರುವುದು ಎಂದು ನಾನು ಸುತ್ತ ನೋಡುತ್ತಿದ್ದಾಗ ಮಾವ ಕೋಲು ಊರಿಕೊಂಡು ಉದ್ಯಾನದ ಗೋಡೆಯ ಪಕ್ಕದಲ್ಲೇ ಸ್ವಲ್ಪ ದೂರ ಹೋಗಿದ್ದರು. ಅಲ್ಲಿ ಒಳಗಿನ ಒಂದು ಮರ ತನ್ನ ಕೊಂಬೆಯನ್ನು ಗೋಡೆ ದಾಟಿಸಿ ಪಾದಚಾರಿ ಮಾರ್ಗದ ಮೇಲೆ ಚಾಚಿತ್ತು. ಅದು ಆಲವಲ್ಲ, ಬೇವು. ಮಾವ ಮೇಲೆ ನೋಡಿದರು, ನೆಲ ನೋಡಿದರು, ಕೋಲನ್ನು ಗೋಡೆಗೆ ಒರಗಿಸಿದರು.

"ಚಾಪೆ ತಪ್ಪುದ್ ನೆನಪಾಯಿಲ್ಲೆ ಕಾಣ್," ಎಂದು ಚಾಪೆ ಮರೆತು ಬಂದದ್ದಕ್ಕೆ ಅತ್ತೆ ನನ್ನ ಮುಂದೆ ಪೇಚಾಡಿದರು.

ನಮ್ಮ ಗೆಳತಿ ಏನೂ ಕೇಳದೆ ತಮ್ಮ ಫಲಕವನ್ನು ತಂದು ನೆಲದ ಮೇಲೆ ಹಾಸಿದರು. ಮಾವ ಗೋಡೆ ಹಿಡಿದು, ನನ್ನ ಹೆಗಲು ಹಿಡಿದು, ಹಂತ ಹಂತವಾಗಿ ಕೆಳಗಿಳಿದು ಅದರ ಮೇಲೆ ಮೈಚಾಚಿದರು. ವಾಹನ ತರಬೇಡಿ ಎಂಬ ಸಾಲು ಅವರ ಬೆನ್ನಡಿಗೆ ಹೋಯಿತು, ಮೃಗಗಳ ಮನೆ ತಲೆಯ ಹತ್ತಿರ ಉಳಿಯಿತು. ಕಾಲುಗಳು ರಟ್ಟು ದಾಟಿ ಪಾದಚಾರಿ ಮಾರ್ಗದ ಅರ್ಧದವರೆಗೂ ಚಾಚಿಕೊಂಡವು. ನಡೆಯುವವರ ದಾರಿಗೆ ಅಡ್ಡ ಬರುವುದು ತಪ್ಪು ಎಂದು ನಾನೇ ಆ ಜಾಗದಲ್ಲಿ ನಿಂತು ಎಷ್ಟು ಸಲ ಹೇಳಿದ್ದೇನೋ. ಆ ಅಜ್ಜಿಯೂ ಮೊಮ್ಮಕ್ಕಳ ಜೊತೆ ಅದೇ ನೆರಳಿನ ಅಂಚಿಗೆ ಬಂದು ಕೂತು ತೂಕುಪಾತ್ರೆಯ ಮುಚ್ಚಳ ತೆಗೆದರು. ಅತ್ತೆ ನಮ್ಮ ಡಬ್ಬಿಯನ್ನು ಅವರ ಕಡೆ ಸರಿಸಿದರು. ಪುಳಿಯೋಗರೆಗೆ ಬೆಲ್ಲ ಜಾಸ್ತಿ ಎಂದು ಅಜ್ಜಿ ಹೇಳಿದಾಗ, "ನಮ್ಮ ಊರ್ ಪಕ್ಕಂ ಅಪ್ಪಡಿತ್ತಾನ್," ಎಂದು ಅತ್ತೆ ಕನ್ನಡಕ್ಕೆ ತಮಿಳು ಬೆರೆಸಿ, ನಮ್ಮ ಕಡೆ ಹಾಗೆಯೇ ಎಂಬುದನ್ನು ಬಿಟ್ಟುಕೊಡದೆ ಉತ್ತರಿಸಿದರು.

ಗೋಡೆಯ ಆಚೆಯಿಂದ ನಗು, ಕೂಗು, ಮಕ್ಕಳ ಅಳು ಒಂದೇ ಸಮನೆ ಬರುತ್ತಿದ್ದವು. ಈಚೆ ಹಾರನ್ನುಗಳು. ಆ ಜನರನ್ನೆಲ್ಲ ನಾನು ಇಷ್ಟು ವರ್ಷ ಕಾಡಿಗೆ ಬಂದ ಭಾರವೆಂದು ಎಣಿಸಿದ್ದೆ. ಕಾಡಿಗೆ ಅದು ಭಾರವೇ, ಆ ಮಾತನ್ನು ನಾನು ಹಿಂದೆಗೆಯುವುದಿಲ್ಲ. ಆದರೆ ಅವರೆಲ್ಲ ಯಾವ ಯಾವ ಮೇಲಿನ ರೂಮುಗಳಿಂದ ಎದ್ದು ಬಂದಿದ್ದಾರೆ ಎಂದು ಕೇಳಿರಲಿಲ್ಲ. ಇಷ್ಟು ದೊಡ್ಡ ನಗರದಲ್ಲಿ ಟಿಕೆಟ್ಟು ಕೊಂಡು, ಗೇಟು ಮುಚ್ಚುವ ಮೊದಲು ಓಡಿ ಬಂದರಷ್ಟೇ ಮರದಡಿ ಕಾಲು ಚಾಚಬಹುದೆಂಬ ಸ್ಥಿತಿಯನ್ನು ತಂದವರು ಗೇಟಿನ ಆಚೆಯಲ್ಲೂ ಇರಲಿಲ್ಲ, ಈಚೆಯಲ್ಲೂ ಇರಲಿಲ್ಲ. ಅವರ ವಿಳಾಸಕ್ಕೆ ನಮ್ಮ ಒಂದು ಮನವಿಯೂ ಹೋಗಿರಲಿಲ್ಲ.

ಮಾವನಿಗೆ ನಿದ್ದೆ ಹತ್ತಿತು. ಬಾಯಿ ಸ್ವಲ್ಪ ತೆರೆದಿತ್ತು. ಕೈಗಳು ಎರಡೂ ಬದಿಗೆ ಬಿದ್ದಿದ್ದವು. ಬೇವಿನ ಎಲೆಯೊಂದು ಅಂಗಿಯ ಜೇಬಿನ ಮೇಲೆ ಕೂತಿತ್ತು. ಅಷ್ಟರಲ್ಲಿ ಒಂದು ಕುಟುಂಬ ಮಾತಾಡುತ್ತ ನಮ್ಮ ಕಡೆ ನಡೆದು ಬಂತು. ಹೆಜ್ಜೆಗಳ ಸದ್ದು ಹತ್ತಿರವಾಗುತ್ತಿದ್ದಂತೆ ಮಾವನ ಮೊಣಕಾಲುಗಳು ನಿಧಾನವಾಗಿ ಮೇಲೆದ್ದು ಎದೆಯ ಕಡೆ ಸರಿದವು. ನೋವಿಗೆ ನಿದ್ದೆಯಲ್ಲೇ ಮುಖ ಕಿವುಚಿತು. ಕುಟುಂಬ ದಾಟಿ ಹೋಯಿತು.

ಅತ್ತೆ ಅನ್ನದ ಕೈಯನ್ನು ಬದಿಗೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಅವರ ಪಾದ ಹಿಡಿದು ಮೆತ್ತಗೆ ಎಳೆದು ಕಾಲನ್ನು ನೆಟ್ಟಗೆ ಮಾಡಿದರು.

"ನೀಡ್ಕಣಿ," ಎಂದರು ಕಿವಿಯ ಹತ್ತಿರ ಬಗ್ಗಿ. "ಯಾರೂ ಬತ್ತಿಲ್ಲೆ."

ಬಸ್ಸೊಂದು ಬಂದು ನಿಂತು, ಅದರ ಎರಡೂ ಬಾಗಿಲುಗಳಿಂದ ಜನ ಇಳಿಯುತ್ತಿದ್ದರು.